ಚೀಟಿ ಮೂರು ಸಲ ಎತ್ತಿದ್ದು

ಮೊನ್ನೆ ಹುಣ್ಣಿಮೆ ಭರತದ ನೀರು ಜೋರಿತ್ತು. ಗಜನಿಯ ಕಟ್ಟೆ ಮೇಲೆ ಕೂತು ತೂಬಿನ ಹಲಗೆಯ ಸಂದಿಗೆ ಕೆಸರು ಮೆತ್ತುತ್ತಾ ಇದ್ದಾಗ ಫೋನು ಬಂತು. ನಮ್ಮ ಚರ್ಚಿನದೇ ಒಬ್ಬ ಹುಡುಗ. ಅಪ್ಪ ತೀರಿಕೊಂಡಿದ್ದಾರೆ. ಹೆದ್ದಾರಿ ಹತ್ತಿರ ಮನೆಗೆ ತಾಗಿ 12 ಗುಂಟೆ ಜಾಗ ಇದೆ, ಕೇಳುವವರು ಬಂದಿದ್ದಾರೆ. ಮಾರಿ ಇಸ್ರೇಲಿಗೆ ಹೋಗುವುದೋ, ಇಟ್ಟುಕೊಂಡು ಇಲ್ಲೇ ಇರುವುದೋ ಎಂಬ ಗೊಂದಲ. "ಅಂಕಲ್, ಒಂದು ತಿಂಗಳಾಯ್ತು ಪ್ರಾರ್ಥನೆ ಮಾಡ್ತಾ. ದೇವರು ಎಂತದೂ ಹೇಳೂದೇ ಇಲ್ಲ. ದೇವರ ಚಿತ್ತ ಗೊತ್ತಾಗೂದು ಹೆಂಗೆ?" ಅಂತ ಕೇಳಿದ.

ಕೈಯೆಲ್ಲ ಕೆಸರು. ಸಂಜೆ ಮಾತಾಡುವ ಮಾರಾಯಾ ಅಂದೆ. ಸಂಜೆಯೂ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೇನೆ. ಕಗ್ಗ ಭತ್ತ, ಅಡಿಕೆ ಕೊಳೆ, ಆಳು ಸಿಗದ ಕಷ್ಟ ಅಂತ ಬರೆಯುವವನು ಇವತ್ತು ದೇವರ ವಿಷಯಕ್ಕೆ ಕೈ ಹಾಕಿದ ಅಂತ ಬೇಜಾರು ಮಾಡ್ಕೋಬೇಡಿ. ಇದೂ ನಮ್ಮ ಗದ್ದೆಯದೇ ವಿಷಯ.

2021ರ ಆಗಸ್ಟಿನಲ್ಲಿ ನಮ್ಮ ಗಜನಿಯನ್ನು ಹತ್ತು ವರ್ಷಕ್ಕೆ ಸಿಗಡಿ ಕೆರೆಗೆ ಕೊಡಿ ಅಂತ ಒಬ್ಬರು ಬಂದರು. ಗಜನಿ ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳಬೇಕು. ಅಘನಾಶಿನಿ ಸಮುದ್ರ ಸೇರುವ ಕುಮಟಾ ಕಡೆ, ಭರತ ಬಂದಾಗ ಉಪ್ಪುನೀರು ಹೊಳೆಯೊಳಗೆ ದೂರದವರೆಗೆ ಏರುತ್ತದೆ. ಆ ನೀರಿಗೆ ಕಟ್ಟೆ ಕಟ್ಟಿ, ತೂಬು ಇಟ್ಟು ಮಾಡಿದ ತಗ್ಗು ಗದ್ದೆಯೇ ಗಜನಿ. ಮಳೆಗಾಲದಲ್ಲಿ ಮಳೆನೀರು ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಕಗ್ಗದ ಬೀಜ ಚೆಲ್ಲುತ್ತೇವೆ. ಕಗ್ಗ ಉಪ್ಪನ್ನೂ ತಡೆಯುತ್ತದೆ, ನೆರೆಯನ್ನೂ ತಡೆಯುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಹಾಗೇ ಬಿಡುತ್ತೇವೆ. ಆಮೇಲೆ ತೂಬು ತೆಗೆದು ಉಪ್ಪುನೀರು ಬಿಟ್ಟರೆ ಆ ಕೊಳೆತ ಹುಲ್ಲಿಗೆ ಮೀನು, ಸಿಗಡಿ, ಏಡಿ ಬರುತ್ತವೆ. ಗದ್ದೆ ನಮ್ಮ ಹೆಸರಲ್ಲಿದ್ದರೂ ಅದರ ಮೀನಿನಲ್ಲಿ ಕೇರಿಗೆಲ್ಲ ಪಾಲು ಇತ್ತು. ಮಾಣಿಕಟ್ಟಾದ ಕಡೆ ಈಗಲೂ ಊರವರು ಸೇರಿ ಕಗ್ಗ ಬೆಳೆಯುವುದನ್ನು ನೀವು ಪೇಪರಿನಲ್ಲಿ ಓದಿರಬಹುದು.

ಸಿಗಡಿ ಕೆರೆ ಹಾಗಲ್ಲ. ವರ್ಷದ ಬಹುಪಾಲು ಉಪ್ಪುನೀರನ್ನು ನಿಲ್ಲಿಸಿಯೇ ಇಡಬೇಕು. 90ರ ದಶಕದಲ್ಲಿ ಈ ಕರಾವಳಿಯಲ್ಲಿ ಸಿಗಡಿಯ ಹುಚ್ಚು ಹತ್ತಿತ್ತು. 1994-95ರ ಹೊತ್ತಿಗೆ ಬಿಳಿಚುಕ್ಕೆ ರೋಗ ದೇಶದ ಕೆರೆಗಳಿಗೆ ಬಡಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕವಲ್ಲದ ಸಿಗಡಿ ಕೆರೆಗಳನ್ನು ತೆಗೆಸಿ ಅಂತ ತೀರ್ಪು ಕೊಟ್ಟಿತು. 2005ರಲ್ಲಿ ಹೊಸ ಕಾಯ್ದೆ ಬಂತು, ಪರವಾನಗಿ ತೆಗೆದುಕೊಂಡು ಮಾಡುವ ದಾರಿ ಆಯಿತು. ಬಂದವರು ಕಾಗದಪತ್ರ ಎಲ್ಲ ನಾವೇ ಮಾಡಿಸ್ತೇವೆ ಅಂದರು. ಮುಂಗಡ 2 ಲಕ್ಷ.

ನಮಗೆ ಆಗ 3 ಲಕ್ಷ ಚಿಲ್ಲರೆ ಸಾಲ. ಮಗಳು ನರ್ಸಿಂಗ್ ಎರಡನೇ ವರ್ಷ. ಕೊರೊನಾದಲ್ಲಿ ತಮ್ಮನ ಗಲ್ಫ್ ಕೆಲಸ ಹೋಗಿ ಅವನೂ ಮನೆಯಲ್ಲೇ ಇದ್ದ. ಹೆಂಡತಿ ಹೇಳಿದ್ದು ಒಂದೇ ಮಾತು: "ಇದೇ ದೇವರ ಉತ್ತರ. ಕೇಳಿದ್ದು ನಾವು, ಕೊಟ್ಟದ್ದು ಅವನು. ಇನ್ನೆಂತಾ ಯೋಚನೆ?"

ನನಗೆ ಯೋಚನೆ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಅದಕ್ಕೆ ದೇವರ ಹತ್ತಿರ ಹೇಳಿಸುವ ಅಂತ ಮಾಡಿದೆ.

ಅಮ್ಮನ ಕಾಲದ ಒಂದು ಉಪಾಯ ಇದೆ. ಎರಡು ಚೀಟಿ ಬರೆದು ಮರಿಯಮ್ಮನವರ ಪ್ರತಿಮೆಯ ಅಡಿ ಇಡುವುದು, ಪ್ರಾರ್ಥನೆ ಮಾಡಿ ಒಂದನ್ನು ಎತ್ತುವುದು. ತೆನೆ ಹಬ್ಬದ ನೊವೆನ ಶುರುವಾಗಿತ್ತು. ಸೆಪ್ಟೆಂಬರ್ 8ಕ್ಕೆ ಹಬ್ಬ, ಅದರ ಹಿಂದೆ ಒಂಬತ್ತು ದಿನ. ಎರಡನೇ ದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ "ಕೊಡು", "ಬೇಡ" ಅಂತ ಬರೆದು ಇಟ್ಟೆ. ಜಪಸರ ಹೇಳಿ ಎತ್ತಿದೆ. "ಕೊಡು" ಬಂತು. ಹಗುರ ಆಗಬೇಕಿತ್ತು ಅಲ್ವಾ? ಎದೆ ಮೇಲೆ ಅರೆಕಲ್ಲು ಇಟ್ಟ ಹಾಗಾಯ್ತು. ಚೀಟಿ ಸರಿಯಾಗಿ ಮಡಚಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಮತ್ತೆ ಎತ್ತಿದೆ. "ಬೇಡ". ಈಗ ಒಂದಕ್ಕೊಂದು. ಹಾಗಾಗಿ ಮೂರನೇ ಸಲ. "ಕೊಡು". ಎರಡನ್ನೂ ಒಲೆಗೆ ಹಾಕಿ ಮಲಗಿದೆ. ನಗಬೇಡಿ, ನಿಮ್ಮಲ್ಲೂ ಇಂಥದ್ದು ಮಾಡಿದವರು ಇದ್ದೀರಿ.

ನಮ್ಮವರು ಮಾತ್ರ ಹೀಗೆ ಅಂತಲೂ ಅಲ್ಲ. ಇಲ್ಲಿಯ ಎಷ್ಟೋ ದೇವಸ್ಥಾನದಲ್ಲಿ ಪ್ರಸಾದ ಕೇಳುತ್ತಾರೆ, ಹೂವು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಅಂತ ಮದುವೆಯೂ ನಿಲ್ಲುತ್ತದೆ, ಬಾವಿಯ ಜಾಗವೂ ಬದಲಾಗುತ್ತದೆ. ಅದನ್ನು ಹೀಯಾಳಿಸುವ ಯೋಗ್ಯತೆ ಚೀಟಿ ಎತ್ತಿದ ನನಗೆ ಇಲ್ಲ.

ಮರುದಿನ ಪ್ರಾರ್ಥನಾ ಕೂಟದ ಒಬ್ಬರನ್ನು ಕೇಳಿದೆ. ಅವರು ಕಣ್ಣು ಮುಚ್ಚಿ ಬೈಬಲ್ ತೆರೆದರು. ಲೂಕನ ಶುಭಸಂದೇಶ, ಪೇತ್ರನಿಗೆ ರಾತ್ರಿಯಿಡೀ ಏನೂ ಸಿಗದೆ, ಯೇಸು ಹೇಳಿದಲ್ಲಿ ಬಲೆ ಬಿಟ್ಟಾಗ ದೋಣಿ ತುಂಬಿದ ಜಾಗ ಸಿಕ್ಕಿತು. "ಇನ್ನೂ ಎಂತ ಬೇಕು ನಿಮಗೆ? ನೀರಲ್ಲೇ ಆಶೀರ್ವಾದ ಕಾಣ್ತಾ ಉಂಟು" ಅಂದರು. ಒಳ್ಳೆಯ ಮನುಷ್ಯ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ನಾಲ್ಕು ಪುಟ ಆಚೆ ತೆರೆದಿದ್ದರೆ ಅದೇ ಪುಸ್ತಕದಲ್ಲಿ ಕಣಜ ದೊಡ್ಡದು ಮಾಡಲು ಹೊರಟು ಆ ರಾತ್ರಿಯೇ ಸತ್ತ ಸಾಹುಕಾರನ ಕತೆ ಬರುತ್ತಿತ್ತು. ಆಗ ಎಂತ ಹೇಳುತ್ತಿದ್ದರೋ. ನಾನೂ ಮನೆಗೆ ಬಂದು ನನಗೆ ಬೇಕಾದ್ದನ್ನು ಹುಡುಕಿದೆ: ಅರಸ ಅಹಾಬ ಒಳ್ಳೆ ಬೆಲೆ ಕೊಡುತ್ತೇನೆಂದರೂ ಪಿತ್ರಾರ್ಜಿತ ದ್ರಾಕ್ಷಿತೋಟ ಕೊಡಲಿಲ್ಲ ಅಂದ ನಾಬೋತನ ಕತೆ. ಊಟಕ್ಕೆ ಕೂತಾಗ ಗಂಭೀರವಾಗಿ ಹೇಳಿದೆ. ಹೆಂಡತಿ ಸಾರು ಬಡಿಸುತ್ತಾ, "ನಾಬೋತನಿಗೆ ಮಗಳ ಫೀಸು ಕಟ್ಟೂದಿತ್ತಾ?" ಅಂದಳು.

ಅಲ್ಲಿಗೆ ಬೈಬಲ್ ತೆರೆಯುವ ಆಟ ಮುಗಿಯಿತು. ಒಂದೇ ಮನೆ, ಒಂದೇ ಪುಸ್ತಕ, ಇಬ್ಬರಿಗೆ ಎರಡು ಉತ್ತರ.

ಕೊನೆಗೆ ನಮ್ಮ ಪಾದ್ರಿಗಳ ಹತ್ತಿರ ಹೋದೆ. ಅವರು ಕೊಡು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಲೊಯೋಲದ ಸಂತ ಇಗ್ನೇಷಿಯಸರ ಒಂದು ಹೇಸರಗತ್ತೆಯ ಕತೆ ಹೇಳಿದರು. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಸೈನಿಕ, ಮನಸ್ಸು ತಿರುಗಿ, ಮರುವರ್ಷ ಮೊಂಟ್ಸೆರಾಟಿಗೆ ಯಾತ್ರೆ ಹೊರಟಿದ್ದ. ದಾರಿಯಲ್ಲಿ ಜೊತೆಯಾದ ಒಬ್ಬ ಮುಸ್ಲಿಂ ಪ್ರಯಾಣಿಕ ಮರಿಯಮ್ಮನವರ ಕನ್ಯತ್ವದ ಬಗ್ಗೆ ಸಂಶಯದ ಮಾತಾಡಿ ಮುಂದೆ ಹೋದ. ಇಗ್ನೇಷಿಯಸರಿಗೆ ಸಿಟ್ಟು. ಹಿಂದೆ ಹೋಗಿ ಚೂರಿಯಿಂದ ಇರಿಯಬೇಕೋ, ಬಿಡಬೇಕೋ? ತೀರ್ಮಾನ ಆಗಲಿಲ್ಲ. ಹೇಸರಗತ್ತೆಯ ಲಗಾಮು ಸಡಿಲ ಬಿಟ್ಟರು. ಅದು ಆ ಮನುಷ್ಯ ಹೋದ ಊರಿನ ದಾರಿ ಹಿಡಿದರೆ ಇರಿಯುವುದು, ಹೆದ್ದಾರಿ ಹಿಡಿದರೆ ಬಿಡುವುದು. ಪುಣ್ಯಕ್ಕೆ ಪ್ರಾಣಿ ಹೆದ್ದಾರಿ ಹಿಡಿಯಿತು. ಮುದಿ ವಯಸ್ಸಿನಲ್ಲಿ ಇಗ್ನೇಷಿಯಸರೇ ತಮಗೆ ಆಗ ವಿವೇಕ ಇರಲಿಲ್ಲ ಅನ್ನುವುದನ್ನು ತೋರಿಸಲಿಕ್ಕೆ ಈ ಕತೆಯನ್ನು ಹೇಳಿ ಬರೆಸಿದರಂತೆ.

"ನಿನ್ನ ಚೀಟಿ ಆ ಹೇಸರಗತ್ತೆ" ಅಂದರು ಪಾದ್ರಿಗಳು.

ಆಮೇಲೆ ಅದೇ ಇಗ್ನೇಷಿಯಸರು ಕಲಿಸಿದ ಎರಡು ಮೂರು ಕೆಲಸ ಹೇಳಿದರು. ಮನಸ್ಸು ಕುಗ್ಗಿದ್ದಾಗ, ಹೆದರಿಕೆಯಲ್ಲಿ ಇದ್ದಾಗ ಹಿಂದಿನ ನಿರ್ಧಾರ ಬದಲಿಸಬೇಡ. ನಿನಗೆ ಗುರುತೇ ಇಲ್ಲದ ಒಬ್ಬ ರೈತ ಇದೇ ಪ್ರಶ್ನೆ ಹಿಡಿದುಕೊಂಡು ಬಂದರೆ ಅವನಿಗೆ ಎಂತ ಹೇಳ್ತೆ ಅಂತ ಯೋಚಿಸು. ಸಾಯುವ ಹೊತ್ತಿನಲ್ಲಿ ಯಾವುದನ್ನು ಮಾಡಿರಬೇಕಿತ್ತು ಅನಿಸೀತು ಅಂತ ಕೇಳಿಕೋ. ಇದು ಎಲ್ಲ ಕೇಳಲಿಕ್ಕೆ ಸುಲಭ. ನನಗೆ ಕಷ್ಟ ಆದದ್ದು ಅವರ ಕೊನೆಯ ಮಾತು: "ನೀನು ಈ ಬಗ್ಗೆ ಯಾರನ್ನು ಕೇಳಲಿಕ್ಕೆ ಹೆದರ್ತೆ? ಮೊದಲು ಅವರನ್ನೇ ಕೇಳಿ ಬಾ."

ಯಾರನ್ನು ಅಂತ ನನಗೆ ಗೊತ್ತಿತ್ತು. ಕೆಳಗಿನ ಕೇರಿಯ ಹಾಲಕ್ಕಿ ಅಜ್ಜಿ. ನಮ್ಮ ಗಜನಿಯಲ್ಲಿ ತೆನೆ ಕೊಯ್ಯುವುದಕ್ಕೆ ನನ್ನ ಅಪ್ಪನ ಕಾಲದಿಂದ ಬರುತ್ತಿದ್ದವಳು, ಕೊಯ್ಲಾದ ಮೇಲೆ ಅಲ್ಲೇ ಮೀನು ಹಿಡಿಯುವವಳು. ಅವಳ ಮನೆ ಬಾವಿ ನಮ್ಮ ಗಜನಿ ಕಟ್ಟೆಯಿಂದ ಮಾರು ಲೆಕ್ಕದ ದೂರ. ಹೋದೆ. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ, ಸಾಲದ್ದೂ ಹೇಳಿದೆ. ಅವಳು ಬೇಡ ಅನ್ನಲಿಲ್ಲ. ಕವಳ ಹಾಕುತ್ತಾ ಸ್ವಲ್ಪ ಹೊತ್ತು ಕೂತು, "ನಿಮ್ಮ ಜಾಗ, ಕೊಡೂದಾದ್ರೆ ಕೊಡಿ ಒಡೆಯಾ. ಬಾವಿ ನೀರಿಗೆ ನಾವು ಎಂತಾ ಮಾಡೂದು, ಅದೊಂದು ಹೇಳಿ" ಅಂದಳು.

ಮಳೆಗಾಲಕ್ಕೆ ತೊಳೆದುಹೋಗುವ ಉಪ್ಪು ಬೇರೆ, ನಿಂತ ಉಪ್ಪು ಬೇರೆ. ಗಜನಿಯ ಮಣ್ಣಿನಲ್ಲಿ ಹುಟ್ಟಿ ಬೆಳೆದವನಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. ಕೆರೆಯಲ್ಲಿ ಉಪ್ಪುನೀರು ತಿಂಗಳಾನುಗಟ್ಟಲೆ ನಿಂತರೆ ಪಕ್ಕದ ಬಾವಿಗೆ ಇಳಿಯುತ್ತದೆ. ಮೊದಲ ಚೀಟಿ ಎತ್ತಿದಾಗ ಎದೆ ಭಾರ ಆದದ್ದು ಇದೇ ಬಾವಿಯದು. ದೇವರು ಮೇಲಿನಿಂದ ಏನೋ ಹೇಳಲಿ ಅಂತ ನಾನು ಕಾಯುತ್ತಾ ಇದ್ದೆ, ಅದು ಕೆಳಗಿನ ಕೇರಿಯಲ್ಲಿ ಕವಳ ಜಗಿಯುತ್ತಾ ಕೂತಿತ್ತು.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಒಪ್ಪದವರು ಕೆಳಗೆ ಬರೆಯಿರಿ. ನಮ್ಮ ಕ್ರೈಸ್ತರಲ್ಲಿ "ದೇವರು ನನಗೆ ತೋರಿಸಿದರು" ಅನ್ನುವ ಮಾತು ಬಹಳ ಸಲ ಮನುಷ್ಯರನ್ನು ಕೇಳುವುದನ್ನು ತಪ್ಪಿಸಿಕೊಳ್ಳುವ ದಾರಿ. ಹಿಸ್ಸೆ ಮಾಡುವಾಗ ಅಣ್ಣ ಹೀಗೆ ಅಂದರೆ ತಂಗಿ ಬಾಯಿ ಮುಚ್ಚಬೇಕು. ಮಗಳನ್ನು ಯಾರಿಗೆ ಕೊಡುವುದು ಅಂತ ಅಪ್ಪ ಹೀಗೆ ಅಂದರೆ ಮಗಳು ಬಾಯಿ ಮುಚ್ಚಬೇಕು. ದೇವರ ಹೆಸರು ಬಂದ ಮೇಲೆ ಯಾರು ಎದುರು ಮಾತಾಡ್ತಾರೆ? ಬೈಬಲಿನಲ್ಲಿ ಚೀಟಿ ಇಲ್ಲವಾ ಅಂತ ನೀವು ಕೇಳಬಹುದು. ಇದೆ. ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿಯೇ. ಆದರೆ ಅದಕ್ಕೆ ಮೊದಲು ಅವರು ಕೂತು, ಯೇಸುವಿನ ಜೊತೆ ಶುರುವಿನಿಂದ ಇದ್ದವರು ಯಾರು ಅಂತ ನೋಡಿ ಇಬ್ಬರನ್ನು ನಿಲ್ಲಿಸಿದ್ದರು. ಇಬ್ಬರಲ್ಲಿ ಯಾರಾದರೂ ಆಗುತ್ತದೆ ಅನ್ನುವಾಗ ಚೀಟಿ. ಅದೇ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಮುಂದೆ ಯೆಹೂದ್ಯರಲ್ಲದವರನ್ನು ಸೇರಿಸಿಕೊಳ್ಳುವ ದೊಡ್ಡ ತಕರಾರು ಬಂದಾಗ ಯಾರೂ ಚೀಟಿ ಹಾಕಲಿಲ್ಲ. ಜೆರುಸಲೇಮಿನಲ್ಲಿ ಸೇರಿ ಜೋರು ಚರ್ಚೆ ಮಾಡಿದರು, ಅಲ್ಲಿ ಇಲ್ಲಿ ಏನಾಗಿದೆ ಅಂತ ಕಂಡವರಿಂದ ಕೇಳಿದರು, ಆಮೇಲೆ ಇದು ಪವಿತ್ರಾತ್ಮರಿಗೂ ನಮಗೂ ಸರಿ ಕಂಡಿತು ಅಂತ ಕಾಗದ ಬರೆದರು. "ನಮಗೂ" ಅನ್ನುವುದನ್ನು ಬಿಡಲಿಲ್ಲ ನೋಡಿ.

ಗಿದ್ಯೋನನ ವಿಷಯ ಎತ್ತುವವರೂ ಇದ್ದಾರೆ. ಅವನು ನಮ್ಮ ಜಾತಿಯವನೇ, ಅಂದರೆ ರೈತ. ಶತ್ರುಗಳ ಹೆದರಿಕೆಗೆ ದ್ರಾಕ್ಷಿ ತೊಟ್ಟಿಯಲ್ಲಿ ಅಡಗಿ ಗೋಧಿ ಬಡಿಯುತ್ತಿದ್ದವ. ಕಣದಲ್ಲಿ ಕುರಿಯ ತುಪ್ಪಟ ಇಟ್ಟು, ಒಂದು ದಿನ ಅದು ಮಾತ್ರ ಒದ್ದೆ ಆಗಲಿ ಅಂದ, ಆಯ್ತು. ಮರುದಿನ ಅದು ಮಾತ್ರ ಒಣಗಿರಲಿ ಅಂದ, ಅದೂ ಆಯ್ತು. ಅವನೂ ನನ್ನ ಹಾಗೆ ಎರಡನೇ ಸಲ ಎತ್ತಿದವನೇ! ಆದರೆ ಏನು ಮಾಡಬೇಕು ಅಂತ ಅವನಿಗೆ ಮೊದಲೇ ಹೇಳಿ ಆಗಿತ್ತು. ಅವನಿಗೆ ಬೇಕಾಗಿದ್ದು ಧೈರ್ಯ. ದೇವರು ಆ ಹೆದರಿಕೆಯನ್ನು ಸಹಿಸಿಕೊಂಡ ಅಂತ ನಾನು ಓದುತ್ತೇನೆ, ಎಲ್ಲರೂ ಹೀಗೇ ಮಾಡಿ ಅಂತ ಓದುವುದಿಲ್ಲ.

ಭಟ್ಕಳದ ಒಬ್ಬ ತೆಂಗಿನಕಾಯಿ ವ್ಯಾಪಾರಿ ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೆ ಬರುತ್ತಾರೆ, ನವಾಯತ ಮುಸ್ಲಿಮರು. ಆ ವಾರ ಕಾಯಿ ಎಣಿಸುತ್ತಾ ಅವರಿಗೂ ಹೇಳಿದೆ. ಅವರಲ್ಲಿ ಇಸ್ತಿಖಾರಾ ಅಂತ ಇದೆ: ಎರಡು ರಕಅತ್ ನಮಾಜು ಮಾಡಿ, ಇದು ನನಗೆ ಒಳ್ಳೆಯದಾದರೆ ಸುಲಭ ಮಾಡು, ಕೆಟ್ಟದಾದರೆ ನನ್ನಿಂದ ತಿರುಗಿಸು ಅಂತ ದೇವರನ್ನು ಬೇಡುವುದು. "ಕನಸು ಬೀಳತದಾ?" ಅಂತ ಕೇಳಿದೆ. ನಕ್ಕರು. "ಜನ ಕನಸಿಗೆ ಕಾಯ್ತಾರೆ, ಆದರೆ ಅದು ಹಾಗಲ್ಲ. ತಿಳಿದವರನ್ನು ಕೇಳಬೇಕು, ನಮಾಜು ಮಾಡಬೇಕು, ಮತ್ತೆ ಕಾಲು ಮುಂದಿಡಬೇಕು. ಮಲಗಿಕೊಂಡೇ ಇದ್ದರೆ ದೇವರು ಯಾವುದನ್ನು ತಿರುಗಿಸೂದು?" ಅಂದರು. ಅವತ್ತು ಕಾಯಿಗೆ ರೇಟು ಕಮ್ಮಿ ಕೊಟ್ಟರು, ಅದು ಬೇರೆ ಮಾತು.

ನೊವೆನದ ಎಂಟನೇ ದಿನ ಸಂಜೆ ಕೊಡುವುದಿಲ್ಲ ಅಂತ ಹೇಳಿದೆ. ಮನೆಯಲ್ಲಿ ಮೊದಲು ಹೇಳಿ, ಆಮೇಲೆ ಅವರಿಗೆ. ಹೆಂಡತಿ ಜಗಳ ಮಾಡಲಿಲ್ಲ, ಅದೇ ಕಷ್ಟ. ಹಬ್ಬದ ದಿನ ಆಶೀರ್ವಾದ ಮಾಡಿದ ತೆನೆ ತಂದು, ಹೊಸ ಅಕ್ಕಿ ಕಾಳು ಪಾಯಸಕ್ಕೆ ಹಾಕುವಾಗ ನನ್ನ ಮುಖ ನೋಡಲಿಲ್ಲ. ಮರುವಾರ ಅವಳ ಕರಿಮಣಿ ಬಿಟ್ಟು ಉಳಿದ ಚಿನ್ನ ಬ್ಯಾಂಕಿಗೆ ಹೋಯ್ತು. ಮೇಲಿನ ಗೇರು ಹಕ್ಕಲಿನಲ್ಲಿ ಒಂದು ತುಂಡು ಮಾರಿದೆವು.

ಮಂದೆ ಎಲ್ಲ ಚೆನ್ನಾಗಿ ಆಯ್ತು ಅಂತ ಬರೆದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಹಾಗೆ ಆಗಲಿಲ್ಲ. 2022ರ ಮಳೆಗಾಲದಲ್ಲಿ ನಮ್ಮ ಕಟ್ಟೆ ಒಡೆಯಿತು. ಬಿತ್ತಿದ ಕಗ್ಗದಲ್ಲಿ ಅರ್ಧದಷ್ಟೂ ಕೈಗೆ ಬರಲಿಲ್ಲ. ಅದೇ ವರ್ಷ ಗಜನಿ ಕೊಟ್ಟ ಇನ್ನೊಬ್ಬರು, ನನಗಿಂತ ಹೆಚ್ಚು ಪ್ರಾರ್ಥನೆ ಮಾಡುವವರು, ಸಾಲ ತೀರಿಸಿ ಮನೆಗೆ ಟೈಲ್ಸ್ ಹಾಕಿಸಿದರು. ಕಟ್ಟೆ ಒಡೆದ ರಾತ್ರಿ ಹೆಂಡತಿ ಟಾರ್ಚು ಹಿಡಿದುಕೊಂಡು ನಿಂತಿದ್ದಳು, ನಾನು ಸೊಂಟದವರೆಗೆ ನೀರಲ್ಲಿ ಮರಳು ಚೀಲ ಹಾಕುತ್ತಿದ್ದೆ. "ಈಗ ಎಂತ ಹೇಳ್ತಾರೆ ನಿಮ್ಮ ದೇವರು?" ಅಂದಳು. ನಮ್ಮ ದೇವರು ಅನ್ನಲಿಲ್ಲ.

ಆ ಪ್ರಶ್ನೆಗೆ ನನ್ನ ಹತ್ತಿರ ಬಹಳ ದಿನ ಉತ್ತರ ಇರಲಿಲ್ಲ. ಆ ವರ್ಷ ಡಿಸೆಂಬರ್ 3ಕ್ಕೆ ಚಂದಾವರದ ಹಬ್ಬಕ್ಕೆ ಹೋಗಿದ್ದೆವು. ಕುಮಟಾ–ಹೊನ್ನಾವರ ನಡುವಿನ ಚಂದಾವರ ಗೊತ್ತಲ್ಲ, ಸಂತ ಫ್ರಾನ್ಸಿಸ್ ಕ್ಸೇವಿಯರರ ಚರ್ಚು. ಎಲ್ಲ ಜಾತಿ ಧರ್ಮದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಸಾಲಿನಲ್ಲಿ ನಿಂತಾಗ ಒಂದು ವಿಷಯ ತಲೆಗೆ ಬಂತು. ಡಿಸೆಂಬರ್ 3 ಅವರು ಹುಟ್ಟಿದ ದಿನ ಅಲ್ಲ, 1552ರಲ್ಲಿ ಸತ್ತ ದಿನ. ಅವರು ಗೋವಾಕ್ಕೆ ಬಂದದ್ದು 1542ರಲ್ಲಿ. 1545ರಲ್ಲಿ ಮುಂದೆ ಪೂರ್ವಕ್ಕೆ ಹೋಗಬೇಕೋ ಬೇಡವೋ ತಿಳಿಯದೆ ಮದ್ರಾಸಿನ ಮೈಲಾಪುರದಲ್ಲಿ ಸಂತ ತೋಮರ ಸಮಾಧಿಯ ಹತ್ತಿರ ತಿಂಗಳುಗಟ್ಟಲೆ ಉಳಿದು ಪ್ರಾರ್ಥನೆ ಮಾಡಿದ್ದರು. ಆಮೇಲೆ ಮಲಾಕ್ಕಕ್ಕೆ ಹೊರಟರು, 1549ರಲ್ಲಿ ಜಪಾನಿಗೆ ಹೋದರು. ಕೊನೆಗೆ ಚೀನಾಕ್ಕೆ ಹೋಗುವುದೇ ದೇವರ ಕೆಲಸ ಅಂತ ನಂಬಿ ಹೊರಟವರು ಚೀನಾದ ಕರಾವಳಿಯ ಒಂದು ದ್ವೀಪದಲ್ಲಿ, ಒಳಗೆ ಕರೆದುಕೊಂಡು ಹೋಗುವ ದೋಣಿಗೆ ಕಾಯುತ್ತಾ ಜ್ವರ ಬಂದು ಸತ್ತರು. ಒಳಗೆ ಹೋಗಲೇ ಇಲ್ಲ. ಹಾಗಾದರೆ ಅವರು ದೇವರ ಮಾತು ತಪ್ಪು ಕೇಳಿಸಿಕೊಂಡರಾ? ಹಾಗಂತ ಯಾರೂ ಹೇಳುವುದಿಲ್ಲ. ನಾವು ಆ ದಿನವನ್ನೇ ಹಬ್ಬ ಮಾಡುತ್ತೇವೆ.

ಇದನ್ನು ಹೆಂಡತಿಗೆ ಹೇಳಿದೆ. "ಅವರಿಗೆ ಮನೆ ಮಠ ಇರಲಿಲ್ಲ" ಅಂದಳು. ಅದೂ ಸರಿಯೇ. ಕೊಡಬೇಕಿತ್ತು ಅಂತ ಅವಳು ಇವತ್ತಿಗೂ ಹೇಳುತ್ತಾಳೆ. ಅವಳೂ ಪ್ರಾರ್ಥನೆ ಮಾಡಿಯೇ ಹೇಳಿದ್ದು. ನಾನು ಮಾಡಿದ ಒಂದು ತಪ್ಪು ಈಗ ಕಾಣುತ್ತದೆ: ಅಜ್ಜಿಯ ಮನೆಗೆ ನಾನೊಬ್ಬನೇ ಹೋದೆ. ಅವಳನ್ನು ಕರೆದುಕೊಂಡು ಹೋಗಿದ್ದರೆ ಬಾವಿಯ ಮಾತನ್ನು ಅವಳೂ ಅದೇ ಬಾಯಿಂದ ಕೇಳುತ್ತಿದ್ದಳು. ನನ್ನಿಂದ ಕೇಳಿದಾಗ ಅದು ಗಂಡನ ಹಟ ಆಯ್ತು.

ನಿರ್ಧಾರ ಮಾಡಿದ ರಾತ್ರಿ ನನಗೆ ಒಳ್ಳೆ ನಿದ್ದೆ ಬಂದಿತ್ತು. ಮನಶ್ಶಾಂತಿಯೇ ದೇವರ ಗುರುತು ಅಂತ ಎಷ್ಟೋ ಪ್ರಸಂಗದಲ್ಲಿ ಕೇಳಿದ್ದೇನೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಹಟಮಾರಿಗೂ ನಿದ್ದೆ ಬರುತ್ತದೆ. ಗೆತ್ಸೆಮನಿಯಲ್ಲಿ ನಿದ್ದೆ ಮಾಡಿದವರು ಶಿಷ್ಯರು, ಯೇಸು ಬೆವರುತ್ತಾ ಎಚ್ಚರ ಇದ್ದರು.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಒಬ್ಬರು ಬಂದು "ನೋಡಿ, ನಿಮ್ಮ ನಿರ್ಧಾರ ಸರಿ ಅಂತ ದೇವರು ತೋರಿಸಿದರು" ಅಂದರು. ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾರಾಯ್ರೆ! ಪಟ್ಟಿಗೆ ಸೇರದಿದ್ದರೂ ಅಜ್ಜಿಯ ಬಾವಿ ಅಲ್ಲೇ ಇರುತ್ತಿತ್ತು. ಅಜ್ಜಿ ಈಗಿಲ್ಲ, ಹೋದ ವರ್ಷ ಹೋದಳು. ಸೊಸೆ ಅದೇ ಬಾವಿಯಿಂದ ಸೇದುತ್ತಾಳೆ. ಬೇಸಿಗೆ ಕೊನೆಗೆ ಸ್ವಲ್ಪ ಚಪ್ಪೆ ಉಪ್ಪು ಬರುತ್ತದೆ, ಕುಡಿಯಲಿಕ್ಕೆ ಅಡ್ಡಿಲ್ಲ.

ಆ ಹುಡುಗನಿಗೆ ಫೋನಿನಲ್ಲಿ ಹೇಳಲಾಗದೆ ಹೋದದ್ದು ಇಷ್ಟು. ಇಸ್ರೇಲೋ ಊರೋ ನನಗೆ ಗೊತ್ತಿಲ್ಲ, ಹೇಳುವವನೂ ನಾನಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಬಾ ಅಂದಿದ್ದೇನೆ. ಜಾಗದ ಪಹಣಿ, ಏಜೆಂಟ್ ಕೊಟ್ಟ ಕಾಗದ ಎರಡನ್ನೂ ತರಲಿಕ್ಕೆ ಹೇಳಿದ್ದೇನೆ. ಅಮ್ಮನನ್ನೂ ಕರೆದುಕೊಂಡು ಬಾ ಅಂದೆ. "ಅಮ್ಮನಿಗೆ ಇನ್ನೂ ಹೇಳಲಿಲ್ಲ ಅಂಕಲ್" ಅಂದ.

ಹಾಗಾದರೆ ಶನಿವಾರ ರಾತ್ರಿಯೊಳಗೆ ಹೇಳು ಅಂದಿದ್ದೇನೆ. ನಮ್ಮ ಮನೆಯವಳಿಗೂ ಕೂತುಕೊಳ್ಳಲಿಕ್ಕೆ ಹೇಳಿದ್ದೇನೆ. ಈ ಸಲ ಅವಳು ಮೊದಲು ಮಾತಾಡುತ್ತಾಳಂತೆ.